ಶುಗರ್ ಇರುವ ಮನೆಯ ಹಬ್ಬದೂಟ

ಯುಗಾದಿಯ ದಿನ ಎಲೆಯ ಮುಂದೆ ಕೂತಿದ್ದ ನಮ್ಮ ಸೋದರತ್ತೆಗೆ ಒಬ್ಬಟ್ಟು ಬಡಿಸುತ್ತಿದ್ದವರು "ನಿಮಗೆ ಶುಗರ್ ಅಲ್ವಾ ಅತ್ತೆ, ಇದು ಬೇಡ ಬಿಡಿ" ಎಂದು ಪಕ್ಕದ ಎಲೆಗೆ ದಾಟಿದರು. ಅತ್ತೆ ಏನೂ ಅನ್ನಲಿಲ್ಲ. ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡರು, ಒಬ್ಬಟ್ಟಿನ ಸಾರಿಗೆ ಮೂರು ಸಲ ಅನ್ನ, ಕೊನೆಗೆ ಮೊಸರನ್ನ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ 290 ತೋರಿಸಿತು. "ಸಿಹಿ ಮುಟ್ಟೇ ಇಲ್ವಲ್ಲೋ, ಇದು ಎಲ್ಲಿಂದ ಬಂತು?" ಎಂದು ಕೇಳಿದರು. ಶುಗರ್ ಇರುವವರ ಅಡುಗೆಯ ಪಾಠವೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಎಲ್ಲಿಂದ ಬಂತು ಎಂದರೆ ಅನ್ನದಿಂದ. 100 ಗ್ರಾಂ ಅನ್ನದಲ್ಲಿ ಹತ್ತಿರ ಹತ್ತಿರ 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಎರಡು ದೊಡ್ಡ ಸೌಟು ಹಾಕಿಸಿಕೊಂಡರೆ 200 ಗ್ರಾಂ, ಅಂದರೆ 56 ಗ್ರಾಂ. ಒಂದು ಟೀ ಚಮಚ ಸಕ್ಕರೆಯನ್ನು 5 ಗ್ರಾಂ ಎಂದು ಹಿಡಿದರೆ ಇದು 11 ಚಮಚಕ್ಕೆ ಸಮ. ಬೆಳಗಿನ ಕಾಫಿಯ ಒಂದು ಚಮಚ ಸಕ್ಕರೆಗೆ ಮನೆಮಂದಿಯೆಲ್ಲ ಗದರುತ್ತಾರೆ, ಮಧ್ಯಾಹ್ನದ 11 ಚಮಚ ಯಾರ ಕಣ್ಣಿಗೂ ಬೀಳುವುದಿಲ್ಲ. 'ಸಕ್ಕರೆ ಕಾಯಿಲೆ' ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ.

ಅಕ್ಕಿಯ ಪಿಷ್ಟ ಗ್ಲುಕೋಸ್ ಕಣಗಳ ಉದ್ದನೆಯ ಸರ. ಬೇಯುವಾಗ ನೀರು ಕುಡಿದು ಉಬ್ಬಿ ಸಡಿಲವಾಗುತ್ತದೆ, ಕರುಳಿನಲ್ಲಿ ಬೇಗ ಬಿಡಿಬಿಡಿಯಾಗಿ ರಕ್ತ ಸೇರುತ್ತದೆ. ಯಾವ ಆಹಾರ ಎಷ್ಟು ಬೇಗ ರಕ್ತದ ಸಕ್ಕರೆ ಏರಿಸುತ್ತದೆ ಎಂದು ಅಳೆಯಲು ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಲೆಕ್ಕ ತಂದರು. ಅದರಲ್ಲಿ ಗ್ಲುಕೋಸ್‌ಗೆ 100. ಬಿಳಿ ಸಕ್ಕರೆಗೆ 65ರ ಆಸುಪಾಸು, ಏಕೆಂದರೆ ಅದರಲ್ಲಿ ಅರ್ಧ ಮಾತ್ರ ಗ್ಲುಕೋಸ್, ಉಳಿದರ್ಧ ಫ್ರಕ್ಟೋಸ್. ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನದ್ದು ಸಕ್ಕರೆಯನ್ನೂ ಮೀರಿ 70ರ ಮೇಲೆ. ಕಡಲೆಬೇಳೆಯದ್ದು 30ಕ್ಕಿಂತ ಕೆಳಗೆ. ಹೀಗಾಗಿ ಅನ್ನವನ್ನು ಇಳಿಸಿ ಬೇಳೆ, ಕಾಳು, ತರಕಾರಿಯನ್ನು ಏರಿಸುವುದೇ ಅಡುಗೆಮನೆಯ ಮೊದಲ ಕೆಲಸ, ಸಿಹಿಯ ಮಾತು ಆಮೇಲೆ.

ಇದಕ್ಕೆ ಬೇರೆ 'ಪಥ್ಯದ ಅಡುಗೆ' ಮಾಡಬೇಕಿಲ್ಲ, ಅದೇ ಅಡುಗೆಯ ಅಳತೆ ತಿರುಗಿಸಿದರೆ ಸಾಕು. ಬಿಸಿಬೇಳೆಬಾತಿಗೆ ಒಂದು ಲೋಟ ಅಕ್ಕಿಗೆ ಒಂದು ಲೋಟ ಬೇಳೆ ಹಾಕುವವರು ಅರ್ಧ ಲೋಟ ಅಕ್ಕಿಗೆ ಒಂದು ಲೋಟ ಬೇಳೆ ಹಾಕಿ, ಹುರುಳಿಕಾಯಿ, ನವಿಲುಕೋಸು, ಕ್ಯಾರೆಟ್ ಕೈತುಂಬ ಸೇರಿಸಲಿ. ಪುಡಿ, ಹುಣಸೆಹುಳಿ, ತುಪ್ಪದ ಒಗ್ಗರಣೆ ಸರಿಯಿದ್ದರೆ ಅಕ್ಕಿ ಕಡಿಮೆಯಾದದ್ದು ನಾಲಗೆಗೆ ಗೊತ್ತೇ ಆಗುವುದಿಲ್ಲ. ಉಪ್ಪಿಟ್ಟಿನಲ್ಲಿ ರವೆಯ ಎರಡರಷ್ಟು ತರಕಾರಿ ಇರಲಿ. ವಾರಕ್ಕೆರಡು ದಿನ ಅಕ್ಕಿ ದೋಸೆಯ ಬದಲು ಹೆಸರುಕಾಳು ನೆನೆಸಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ತೆಳ್ಳಗೆ ದೋಸೆ ಹುಯ್ಯಿರಿ. ಹಿಟ್ಟು ಹುಳಿ ಬರಬೇಕೆಂದು ಕಾಯುವ ಕೆಲಸವೂ ಇಲ್ಲ. ಅಕ್ಕಿರೊಟ್ಟಿಯಲ್ಲಿ ಹಿಟ್ಟಿನಷ್ಟೇ ಸಬ್ಬಸಿಗೆ ಸೊಪ್ಪು, ಬೆಂದ ಅವರೆಕಾಳು ಇದ್ದರೆ ತಟ್ಟುವುದು ತುಸು ಕಷ್ಟ, ತಿನ್ನುವುದು ಸುಲಭ.

ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. "ಮುದ್ದೆ ತಿನ್ನಿ, ಶುಗರ್ ಬರಲ್ಲ" ಎನ್ನುವವರು ಊರೂರಲ್ಲಿ ಸಿಗುತ್ತಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶವೂ ಹೆಚ್ಚು, ಒಪ್ಪಿದೆ. ಆದರೆ 80 ಗ್ರಾಂ ಹಿಟ್ಟಿನ ಮುದ್ದೆಯಲ್ಲೂ 55 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಇದ್ದೇ ಇದೆ. ಹಿಟ್ಟು ನುಣ್ಣಗಾದಷ್ಟೂ, ಗಂಜಿಯಂತೆ ತೆಳ್ಳಗಾದಷ್ಟೂ ರಕ್ತಕ್ಕೆ ಏರುವ ವೇಗ ಹೆಚ್ಚು. ಬೆಳಿಗ್ಗೆ ಒಳ್ಳೆಯದೆಂದು ಕುಡಿಯುವ ಲೋಟ ತುಂಬ ರಾಗಿ ಮಾಲ್ಟ್ ಈ ಲೆಕ್ಕದಲ್ಲಿ ಮುದ್ದೆಗಿಂತ ಕೆಟ್ಟದ್ದು. ಮುದ್ದೆ ಚಿಕ್ಕದಿರಲಿ, ಜೊತೆಗೆ ಬಸ್ಸಾರಿನ ಪಲ್ಯವೋ ಹುರುಳಿಕಾಳೋ ಮಸ್ಸೊಪ್ಪೋ ದೊಡ್ಡ ಬಟ್ಟಲಲ್ಲಿರಲಿ. ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಹೊಸದಾಗಿ ಕಲಿಸುವ ಅಗತ್ಯವಿಲ್ಲ, ಸಾರು ಮತ್ತು ಮುದ್ದೆಯ ಗಾತ್ರಗಳನ್ನು ಅದಲುಬದಲು ಮಾಡಿಕೊಂಡರೆ ಆಯಿತು.

ತಿನ್ನುವ ಅನುಕ್ರಮಕ್ಕೂ ಬೆಲೆಯಿದೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಚಿಕ್ಕ ಅಧ್ಯಯನ ನಡೆಯಿತು, ಟೈಪ್ 2 ಮಧುಮೇಹದ 11 ಮಂದಿಯ ಮೇಲೆ. ಒಂದೇ ಊಟವನ್ನು ಒಮ್ಮೆ ಬ್ರೆಡ್ಡು, ಕಿತ್ತಳೆ ರಸದಿಂದ ಶುರು ಮಾಡಿಸಿದರು, ಇನ್ನೊಮ್ಮೆ ತರಕಾರಿ, ಕೋಳಿಮಾಂಸದಿಂದ. ತರಕಾರಿ ಮೊದಲು ತಿಂದ ದಿನ ಒಂದು ಗಂಟೆಯ ನಂತರದ ಸಕ್ಕರೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ಇಳಿದಿತ್ತು. ನಾರು, ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಹಿಂದಿನಿಂದ ಬರುವ ಪಿಷ್ಟ ನಿಧಾನವಾಗಿ ಕರುಳಿಗಿಳಿಯುತ್ತದೆ. ನಮ್ಮ ಬಾಳೆಎಲೆಯಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬಂದು ಕೂತಿರುತ್ತವೆ. ಆದರೆ ಉಪ್ಪಿನಕಾಯಿಯಂತೆ ನಂಚಿಕೊಳ್ಳಲು ಬಿಡುತ್ತೇವೆ. ಅನ್ನ ಬರುವ ಮುಂಚೆಯೇ ಅವೆರಡನ್ನೂ ತಿಂದು ಮುಗಿಸಿ, ಇನ್ನೊಮ್ಮೆ ಹಾಕಿಸಿಕೊಳ್ಳಿ. ಹಲವು ಮನೆಗಳಲ್ಲಿ ಎಲೆಯ ತುದಿಗೆ ಬಡಿಸಿದ ಪಾಯಸವನ್ನು ಮೊದಲು ನಾಲಗೆಗೆ ಮುಟ್ಟಿಸುವ ಪದ್ಧತಿ ಇದೆ. ಶಾಸ್ತ್ರಕ್ಕೆ ಒಂದು ಹನಿ ಸಾಕು, ಬಟ್ಟಲು ಕೊನೆಗಿರಲಿ. ಊಟ ಮುಗಿದ ಮೇಲೆ ಒಂದು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ಒಂದಷ್ಟು ಗ್ಲುಕೋಸನ್ನು ಎಳೆದುಕೊಳ್ಳುತ್ತವೆ.

ಈಗ ಸಿಹಿ. ಮೊದಲು ಬೆಲ್ಲದ ಭ್ರಮೆ ಬಿಡಬೇಕು. ಬೆಲ್ಲದಲ್ಲಿ ಕಬ್ಬಿಣದ ಅಂಶ ಚೂರುಪಾರು ಇರಬಹುದು, ತೂಕದ ಬಹುಪಾಲು ಸಕ್ಕರೆಯೇ. ಜೇನುತುಪ್ಪವೂ ಅಷ್ಟೆ, ಖರ್ಜೂರವೂ ಅಷ್ಟೆ. 'ಸಕ್ಕರೆ ಸೇರಿಸಿಲ್ಲ' ಎಂದು ಬರೆದ ಅಂಗಡಿ ಲಾಡುವಿನಲ್ಲಿ ಖರ್ಜೂರವೇ ತುಂಬಿದ್ದರೆ ಬರೆದದ್ದೂ ಸುಳ್ಳಲ್ಲ, ನಿಮ್ಮ ಪಿಪಿ, ಅಂದರೆ ಊಟದ ನಂತರದ ಸಕ್ಕರೆ, ಏರುವುದೂ ತಪ್ಪಲ್ಲ.

ಬದಲಿ ಸಿಹಿಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿದಿರಬೇಕು. ಆಸ್ಪರ್ಟೇಮ್ ಒಲೆಯ ಮೇಲೆ ಹೆಚ್ಚು ಹೊತ್ತು ಕುದಿಸಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಅದು ಪಾಯಸದ ಪಾತ್ರೆಗಲ್ಲ. ಸುಕ್ರಲೋಸ್ ಸಕ್ಕರೆಯ 600 ಪಟ್ಟು ಸಿಹಿ. 1976ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ಸಂಶೋಧಕ 'ಟೆಸ್ಟ್' ಮಾಡು ಎಂದದ್ದನ್ನು 'ಟೇಸ್ಟ್' ಮಾಡು ಎಂದು ಕೇಳಿಸಿಕೊಂಡು ನಾಲಗೆಗೆ ಹಚ್ಚಿದ್ದರಿಂದ ಇದರ ಸಿಹಿ ಪತ್ತೆಯಾಯಿತೆಂಬ ಕಥೆ ಪ್ರಸಿದ್ಧ. ಸ್ಟೀವಿಯಾ ಬಿಸಿ ತಡೆಯುತ್ತದೆ, ಆದರೆ ಹೆಚ್ಚಾದರೆ ಹಿಂದಿನಿಂದ ಕಹಿ ಬರುತ್ತದೆ. ಎರಿತ್ರಿಟಾಲ್ ಬಾಯಲ್ಲಿ ಪೆಪ್ಪರ್‌ಮೆಂಟಿನಂತೆ ತಣ್ಣಗೆನಿಸುತ್ತದೆ.

ಸಕ್ಕರೆ ಸಿಹಿ ಕೊಟ್ಟು ಸುಮ್ಮನಿರುವುದಿಲ್ಲ, ಪಾಕವಾಗಿ ತಿಂಡಿಯ ಮೈಯನ್ನೇ ಕಟ್ಟುತ್ತದೆ. ಮೈಸೂರುಪಾಕಿನ ಗೂಡುಗೂಡಾದ ಮೈ ಬರುವುದು ಎಳೆಪಾಕದಿಂದ. ಚಿಟಿಕೆ ಸುಕ್ರಲೋಸಿಗೆ ಎಳೆಯೂ ಇಲ್ಲ, ಪಾಕವೂ ಇಲ್ಲ. ಆದ್ದರಿಂದ ಪಾಕದ ತಿಂಡಿಗಳನ್ನು ನಕಲು ಮಾಡಲು ಹೋಗಬೇಡಿ. ನಿಜವಾದದ್ದನ್ನೇ ಬೆರಳುದ್ದದ ತುಂಡು, ಊಟದ ಕೊನೆಗೆ ತಿನ್ನುವುದು ಮೇಲು. ಬದಲಿ ಸಿಹಿ ಚೆನ್ನಾಗಿ ಹೊಂದುವುದು ಒಲೆ ಕಾಣದ ಶ್ರೀಖಂಡಕ್ಕೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೀರಿಳಿಸಿದರೆ ಹಾಲಿನ ಸಕ್ಕರೆಯೂ ಒಂದಷ್ಟು ಸೋರಿಹೋಗುತ್ತದೆ. ಉಳಿದ ಬೆಣ್ಣೆಯಂಥ ಮೊಸರಿಗೆ ಸ್ಟೀವಿಯಾ, ಹಾಲಿನಲ್ಲಿ ನೆನೆಸಿದ ಕೇಸರಿ, ತೇದ ಜಾಯಿಕಾಯಿ. ಮೊಸರಿನ ಹುಳಿ ಸ್ಟೀವಿಯಾದ ಕಹಿಯನ್ನು ಮುಚ್ಚುತ್ತದೆ.

ಹೆಸರುಬೇಳೆ ಪಾಯಸಕ್ಕೆ ನಾನು ಬೆಲ್ಲವನ್ನೇ ಹಾಕುತ್ತೇನೆ, ಆದರೆ ಅಳೆದು. ನಾಲ್ಕು ಜನಕ್ಕೆ 50 ಗ್ರಾಂ ಬೇಳೆಯನ್ನು ಘಮ್ಮೆನ್ನುವಂತೆ ಹುರಿದು ಬೇಯಿಸಿ, 30 ಗ್ರಾಂ ಬೆಲ್ಲ, ಒಂದು ಲೋಟ ತೆಳು ಕಾಯಿಹಾಲು, ಒಣಶುಂಠಿ, ಧಾರಾಳ ಏಲಕ್ಕಿ, ಒಂದು ಕಾಳು ಉಪ್ಪು, ತುಪ್ಪದಲ್ಲಿ ಹುರಿದ ನಾಲ್ಕು ಗೋಡಂಬಿ. ಬೇಳೆ, ಬೆಲ್ಲ ಸೇರಿ ಒಬ್ಬರ ಪಾಲಿಗೆ 15 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್. ಸಿಹಿ ಕಡಿಮೆಯಾದದ್ದನ್ನು ಉಪ್ಪು, ಏಲಕ್ಕಿಗಳು ಮರೆಸುತ್ತವೆ. ಬಿಸಿ ಇರುವಾಗಲೇ ಬಡಿಸಿ, ತಣ್ಣಗಾದರೆ ನಾಲಗೆಗೆ ಸಿಹಿ ಇನ್ನೂ ಕಡಿಮೆ ಅನಿಸುತ್ತದೆ. ಈ ಬಟ್ಟಲಿಗೆ ಪ್ರತಿಯಾಗಿ ಅರ್ಧ ಸೌಟಿಗಿಂತ ತುಸು ಹೆಚ್ಚು ಅನ್ನ ಬಿಟ್ಟರೆ ಲೆಕ್ಕ ಸರಿಹೋಯಿತು.

ಒಬ್ಬಟ್ಟಿಗೂ ಅದೇ ಲೆಕ್ಕ. ಬೇಳೆಯ ಸಮಕ್ಕೆ ಹಾಕುವ ಬೆಲ್ಲವನ್ನು ಅರ್ಧಕ್ಕೆ ಇಳಿಸಿದೆವು, ಕಣಕಕ್ಕೆ ಮೈದಾ ಬಿಟ್ಟು ಗೋಧಿಹಿಟ್ಟು ಕಲಸಿದೆವು. ಬೆಲ್ಲ ಕಡಿಮೆಯಾದರೆ ಹೂರಣ ಬೇಗ ಗಟ್ಟಿಯಾಗುತ್ತದೆ, ಒಲೆಯ ಮೇಲೆ ಹೆಚ್ಚು ಹೊತ್ತು ಬಿಡಬಾರದು. ಮರುವರ್ಷ ಅತ್ತೆ ಎರಡು ಸಲ ಕೋಸಂಬರಿ ತಿಂದರು, ಅನ್ನ ಒಂದೇ ಸೌಟು, ಕೊನೆಗೆ ಅಂಗೈಯಗಲದ ಒಂದು ಒಬ್ಬಟ್ಟು, ಮೇಲೆ ತುಪ್ಪ. ಎರಡು ಗಂಟೆಯ ನಂತರ 172. ಅಮೆರಿಕದ ಮಧುಮೇಹ ಸಂಘ ಬಹುಪಾಲು ವಯಸ್ಕರಿಗೆ ಊಟದ ನಂತರ 180ರೊಳಗಿರಲಿ ಎನ್ನುತ್ತದೆ. ಎಲ್ಲರಿಗೂ ಹೀಗೇ ಬರುತ್ತದೆಂದಲ್ಲ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ನಿಮ್ಮ ತಟ್ಟೆಯ ಸ್ವಭಾವ ನಿಮಗೇ ತಿಳಿಯುತ್ತದೆ.

ಅನ್ನವನ್ನು ಒಮ್ಮೆಲೇ ಅರ್ಧಕ್ಕಿಳಿಸುವ ಮುಂಚೆ ವೈದ್ಯರಿಗೆ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಹಳೆಯ ಡೋಸಿಗೆ ಹೊಸ ಊಟ ಸಾಲದೆ ಸಕ್ಕರೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಬೇಳೆ ಹೆಚ್ಚಿಸುವುದನ್ನೂ ಕೇಳಿಯೇ ಮಾಡಬೇಕು. ಕೈ ನಡುಗಿ, ಬೆವರಿ, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಆಗ ಒಬ್ಬಟ್ಟು ಕೊಡಬೇಡಿ, ಬೇಳೆ ಮತ್ತು ತುಪ್ಪ ಸಕ್ಕರೆಯನ್ನು ತಡ ಮಾಡಿಸುತ್ತವೆ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಆ ಹೊತ್ತಿಗೆ ಸ್ಟೀವಿಯಾ ಡಬ್ಬಿ ಯಾವ ಉಪಯೋಗಕ್ಕೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಸ್ಟೀವಿಯಾಕ್ಕೂ ಸಕ್ಕರೆಗೂ ಒಂದೇ ಥರದ ಸ್ಟೀಲ್ ಡಬ್ಬಿಗಳು. ಕಾಫಿಪುಡಿ ಪಕ್ಕದ ಡಬ್ಬಿಯ ಮುಚ್ಚಳಕ್ಕೆ ಅತ್ತೆಯೇ ಬಿಳಿ ಪಟ್ಟಿ ಅಂಟಿಸಿ ದೊಡ್ಡದಾಗಿ ಬರೆದಿದ್ದಾರೆ: 'ನಿಜವಾದ ಸಕ್ಕರೆ'.