ಬೂಸಾ ಎಂಬ ವಿಮರ್ಶೆಯ ಪದ

ಕಳೆದ ವರ್ಷ ಪದವಿ ತರಗತಿಯೊಂದರಲ್ಲಿ ದಲಿತ-ಬಂಡಾಯ ಸಾಹಿತ್ಯದ ಹಿನ್ನೆಲೆ ಹೇಳುತ್ತಿದ್ದೆ. ‘ಬೂಸಾ ಪ್ರಕರಣ’ ಎಂಬ ಮಾತು ಬಂದ ಕೂಡಲೇ ಹುಡುಗರೆಲ್ಲ ಪೆನ್ನು ತೆಗೆದರು. ಯಾರು ಹೇಳಿದ್ದು, ಯಾವ ವರ್ಷ, ಯಾವ ಊರಲ್ಲಿ, ಇಷ್ಟು ಬರೆದುಕೊಂಡರೆ ಪರೀಕ್ಷೆಯಲ್ಲಿ ಎರಡು ಅಂಕ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬರೆಯದೆ ಎದ್ದು ನಿಂತು ಕೇಳಿದಳು: ‘ಸಾರ್, ಬೂಸ ಅಂದ್ರೆ ಹಸೂಗೆ ಹಾಕೋದು. ಅದು ಬೈಗುಳ ಹೆಂಗಾಗುತ್ತೆ?’ ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು ಮುಂದಕ್ಕೆ ಹೋದೆ. ಹೋಗಬಾರದಿತ್ತು. ದಲಿತ ವಿಮರ್ಶೆ ಕುರಿತು ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾದದ್ದು ನಾನು ಉತ್ತರ ಕೊಡದ ಆ ಪ್ರಶ್ನೆಯೇ.

ನಡೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. 1973ರ ನವೆಂಬರ್. ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂಬರ್ಥದ ಮಾತಾಡಿದರು. ದಲಿತರು ಇಂಗ್ಲಿಷ್ ಕಲಿಯಬೇಕೆಂಬ ಒತ್ತಾಯ ಆ ಮಾತಿನ ಜೊತೆಗಿತ್ತು. ಮರುದಿನದಿಂದ ಸಿಡಿದ ಗಲಾಟೆಯಲ್ಲಿ ಆ ಒತ್ತಾಯ ಯಾರ ಕಿವಿಗೂ ಬೀಳಲಿಲ್ಲ. ‘ಬೂಸಾ’ ಒಂದೇ ಉಳಿಯಿತು. ಕನ್ನಡಕ್ಕೆ ಅವಮಾನವಾಯಿತೆಂದು ಮೆರವಣಿಗೆಗಳಾದವು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು ಬಸವಲಿಂಗಪ್ಪನವರ ಪರ ನಿಂತರು, ನಿಂತದ್ದಕ್ಕೆ ಏಟು ತಿಂದರು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು.

ನಮ್ಮ ಸಾಹಿತ್ಯ ಚರಿತ್ರೆಗಳು ಈ ಘಟನೆಯನ್ನು ರಾಜಕಾರಣಿಯೊಬ್ಬನ ಬಾಯಿಜಾರಿದ ಮಾತು, ಅದರಿಂದ ಆಕಸ್ಮಿಕವಾಗಿ ಹುಟ್ಟಿದ ಚಳವಳಿ ಎಂಬಂತೆ ದಾಖಲಿಸುತ್ತವೆ. ನನಗಿದು ಒಪ್ಪಿಗೆಯಿಲ್ಲ. ನನಗನ್ನಿಸುವಂತೆ ಅದು ವಿಮರ್ಶೆಯ ಮಾತೇ ಆಗಿತ್ತು. ಪೂರ್ವಸಿದ್ಧತೆಯಿಲ್ಲದ, ಉದಾಹರಣೆಗಳಿಲ್ಲದ, ಒರಟು ವಿಮರ್ಶೆ; ಆದರೂ ವಿಮರ್ಶೆ. ಅದನ್ನು ವಿಮರ್ಶೆಯೆಂದು ಒಪ್ಪಿಕೊಂಡಿದ್ದರೆ ಎದುರು ವಾದದಿಂದ ಉತ್ತರ ಕೊಡಬೇಕಾಗುತ್ತಿತ್ತು. ಬೈಗುಳವೆಂದು ಕರೆದದ್ದರಿಂದ ಕಲ್ಲಿನಿಂದ ಉತ್ತರ ಕೊಡುವುದು ಸುಲಭವಾಯಿತು.

ಆ ಕಾಲದ ಕನ್ನಡ ವಿಮರ್ಶೆಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ನವ್ಯದ ಕೃತಿನಿಷ್ಠ ವಿಮರ್ಶೆ ಪ್ರಬಲವಾಗಿದ್ದ ದಿನಗಳವು. ಕೃತಿಯ ಬಂಧ ಹೇಗಿದೆ, ಪ್ರತಿಮೆಗಳು ಹೇಗೆ ಕೆಲಸ ಮಾಡುತ್ತವೆ, ಅನುಭವ ಎಷ್ಟು ಅಧಿಕೃತವಾಗಿದೆ ಎಂಬ ಪ್ರಶ್ನೆಗಳನ್ನು ಅದು ಬಹಳ ಸೂಕ್ಷ್ಮವಾಗಿ ಕೇಳಿತು. ಆ ವಿದ್ಯೆಯನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ. ನಾನು ಓದಲು ಕಲಿತದ್ದೂ ಅದರಿಂದಲೇ. ಆದರೆ ಈ ಅನುಭವ ಯಾರದು, ಈ ಸಾಹಿತ್ಯದಿಂದ ಹೊಟ್ಟೆ ತುಂಬುವುದು ಯಾರದು ಎಂಬ ಪ್ರಶ್ನೆ ಅದರ ಬಾಯಲ್ಲಿ ಬರಲಿಲ್ಲ. ‘ಬೂಸಾ’ ಎಂಬ ಪದ ಕೇಳಿದ್ದು ಅದನ್ನೇ. ಬೂಸಾ ಎಂದರೆ ಕಾಳಿನ ಸತ್ವ ಬೇರೆಯವರ ಪಾಲಾದ ಮೇಲೆ ಉಳಿಯುವ ಹೊಟ್ಟು. ನಮ್ಮ ಪಾಲಿಗೆ ಬಂದದ್ದು ಕಾಳೋ ಹೊಟ್ಟೋ ಎಂಬ ಪ್ರಶ್ನೆ ಆ ಪದದಲ್ಲಿತ್ತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1933ರಲ್ಲಿ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’. ಎತ್ತುಗಳಿದ್ದೂ ಹೊಲವಿಲ್ಲದ ಚೋಮನ ಆಸೆಯನ್ನು, ಭೂಮಿ ಕೊಡದ ಜಾತಿ ವ್ಯವಸ್ಥೆಯನ್ನು ಅಷ್ಟು ಕಟುವಾಗಿ ಕಾಣಿಸಿದ ಕಾದಂಬರಿ ಅದಕ್ಕೂ ಮುಂಚೆ ಕನ್ನಡದಲ್ಲಿರಲಿಲ್ಲ. ಇದನ್ನು ಬೂಸಾ ಎನ್ನಲು ನನಗೆ ಬಾಯಿ ಬಾರದು. ಆದರೂ ಕಾದಂಬರಿ ಮುಗಿಯುವಾಗ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಸಾಯುತ್ತಾನೆ. ನಮಗೆ ಅಯ್ಯೋ ಎನಿಸುತ್ತದೆ. ಇದರ ಪಕ್ಕದಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಇಟ್ಟು ನೋಡಿ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ರಾತ್ರಿ ಮನೆಗೆ ಬಂದ ಕದ್ದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿಂದು ಮುಗಿಸುತ್ತಾರೆ. ಹುಡುಗಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಬೆಳಗ್ಗೆ ಪೊಲೀಸರು ಬರುತ್ತಾರೆ. ಇಲ್ಲಿ ನಮಗೆ ಅಯ್ಯೋ ಎನ್ನಲು ಪುರಸೊತ್ತಿಲ್ಲ. ಹಸಿವು, ನಗು, ಜಗಳ, ಕಳ್ಳತನ, ಚಿತ್ರ ಎಲ್ಲವೂ ಒಂದೇ ಗುಡಿಸಲಿನಲ್ಲಿವೆ. ಹೊರಗಿನಿಂದ ನೋಡಿ ಮರುಗಿದ ಕಣ್ಣಿಗೂ ಒಳಗೆ ಕೂತು ಕಡಲೆಕಾಯಿ ಸುಲಿದ ಕೈಗೂ ಇರುವ ಅಂತರ ಇದು. ಇದನ್ನು ಗುರುತಿಸಲು ಬೇಕಾದ ಪ್ರಶ್ನೆಯನ್ನು ನಮಗೆ ಕೊಟ್ಟದ್ದು ಬೂಸಾ ಪ್ರಕರಣ.

ಇಲ್ಲೊಂದು ತಿರುವಿದೆ. ಬಸವಲಿಂಗಪ್ಪನವರು ಹೇಳಿದ್ದು ಇಂಗ್ಲಿಷ್ ಕಲಿಯಿರಿ ಎಂದು. ಅವರ ಪರವಾಗಿ ಏಟು ತಿಂದ ಪೀಳಿಗೆ ಮಾಡಿದ್ದು ಕನ್ನಡದಲ್ಲಿ ಬರೆಯುವ ಕೆಲಸ. ದೇವನೂರರ ‘ದ್ಯಾವನೂರು’ ಸಂಕಲನ ಬಂದದ್ದು ಅದೇ 1973ರಲ್ಲಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅದರ ಹಾಡುಗಳು ಪುಸ್ತಕದಿಂದ ಇಳಿದು ಜಾಥಾಗಳಲ್ಲಿ, ಕೇರಿಗಳಲ್ಲಿ ಅಕ್ಷರ ಬಾರದವರ ಬಾಯಲ್ಲಿ ಓಡಾಡಿದವು. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಟಿತು. ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ಆ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟುವ ಮುಂದಾಳಾದರು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂಬ ಬೇಡಿಕೆಗೆ ಜಾಗ ಸಿಗದೆ ಹೋದಾಗ, ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅಂದರೆ ಬಸವಲಿಂಗಪ್ಪನವರ ಮಾತನ್ನು ನಿಜವೆಂದು ನಂಬಿದವರೇ ಮುಂದೆ ಆ ಮಾತನ್ನು ಸುಳ್ಳು ಮಾಡಿದರು. ಒಬ್ಬ ನಾಯಕನ ಪ್ರಭಾವ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅವನ ಮಾತನ್ನು ಪಾಲಿಸಿದವರ ಲೆಕ್ಕ ಒಂದು ಕಡೆ ಇರಲಿ. ಅವನು ಊಹಿಸದ ದಿಕ್ಕಿಗೆ ಅದನ್ನು ಹೊತ್ತುಕೊಂಡು ಹೋದವರು ಎಷ್ಟು ಜನ ಎಂದೂ ನೋಡಬೇಕು.

ಬಸವಲಿಂಗಪ್ಪನವರ ಇನ್ನೊಂದು ಕೆಲಸವನ್ನು ಇದರ ಜೊತೆಗಿಟ್ಟೇ ಓದಬೇಕೆಂದು ನನಗನಿಸುತ್ತದೆ. ಪೌರಾಡಳಿತ ಮಂತ್ರಿಯಾಗಿದ್ದಾಗ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಮಟ್ಟದಲ್ಲಿ ಇದಕ್ಕೊಂದು ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಮಲದ ಬುಟ್ಟಿಯನ್ನು ತಲೆಯಿಂದ ಇಳಿಸಿದ ಮನುಷ್ಯನಿಗೂ ಸಾಹಿತ್ಯವನ್ನು ಬೂಸಾ ಎಂದ ಮನುಷ್ಯನಿಗೂ ಸಂಬಂಧವಿಲ್ಲವೆ? ಊರಿನ ಹೇಲು ಹೊರುವವನ ತಲೆಯ ಮೇಲೇನಿದೆ ಎಂದು ನೋಡಿದ ಕಣ್ಣೇ ಊರಿನ ಪುಸ್ತಕಗಳಲ್ಲಿ ಆ ತಲೆ ಎಲ್ಲಿದೆ ಎಂದು ಹುಡುಕಿದೆ. ಆದರೆ ಆದೇಶವೊಂದೇ ಸಾಲದು ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಿಷೇಧವಾಗಿ ಮೂರು ದಶಕ ಮೀರಿತ್ತು. ಯಾವ ಸಂಸ್ಕೃತಿ ಆ ಬುಟ್ಟಿಯನ್ನು ಹೊರಿಸಿತೋ ಅದರ ಮನಸ್ಸು ಬದಲಾಗದೆ ಕಾಗದದ ಮೇಲಿನ ಆದೇಶ ಬೀದಿಗೆ ಇಳಿಯುವುದಿಲ್ಲ. ದಲಿತ ವಿಮರ್ಶೆ ಬರಿಯ ಸಾಹಿತ್ಯದ ವ್ಯವಹಾರವಲ್ಲ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಬೇಕು. ಈಗ ನಾವು ಬಸವಲಿಂಗಪ್ಪ, ಕೃಷ್ಣಪ್ಪ, ಸಿದ್ಧಲಿಂಗಯ್ಯ ಇವರನ್ನೆಲ್ಲ ಪಟವಾಗಿಸುತ್ತಿದ್ದೇವೆ. ಜಯಂತಿಗೆ ಹಾರ, ಪ್ರಶ್ನೆಪತ್ರಿಕೆಗೆ ಎರಡು ಅಂಕ. ಪಟವಾದವರನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸದವರಿಗೆ ಪಟದಿಂದ ಏನೂ ಹುಟ್ಟುವುದಿಲ್ಲ. ನಾನು ಮೇಲೆ ಕೊಟ್ಟ ಹೆಸರುಗಳನ್ನೇ ನೋಡಿ: ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಬಿ.ಟಿ. ಲಲಿತಾ ನಾಯಕ್, ಪೌರಕಾರ್ಮಿಕ ಹೆಣ್ಣುಮಕ್ಕಳ ನಡುವೆ ದುಡಿದು ಬರೆದ ದು. ಸರಸ್ವತಿ, ಇವರನ್ನು ‘ಇನ್ನಿತರರು’ ಎಂಬ ಸಾಲಿಗೆ ಸೇರಿಸಿ ಮುಗಿಸುವ ಚಾಳಿ ನಮ್ಮದೂ ಆಗಿದೆ. ಯಾರ ಪಾಲಿಗೆ ಕಾಳು, ಯಾರ ಪಾಲಿಗೆ ಹೊಟ್ಟು ಎಂಬ ಪ್ರಶ್ನೆ ಚಳವಳಿಯ ಒಳಗೂ ಕೇಳಬೇಕಾದದ್ದು. ಹಾಗೆಂದು ಲೇಖಕರ ಜಾತಿಪಟ್ಟಿ ಹಿಡಿದು ಹಾಜರಿ ಕರೆಯುವುದೂ ವಿಮರ್ಶೆಯಾಗದು. ‘ಒಡಲಾಳ’ ದೊಡ್ಡ ಕೃತಿಯಾದದ್ದು ಬರೆದವರು ಯಾರು ಎಂಬುದರಿಂದ ಮಾತ್ರವಲ್ಲ, ಆ ಗುಡಿಸಲಿನ ಮಾತು, ಮೌನ ಎಲ್ಲ ವಾಕ್ಯವಾದ ಬಗೆಯಿಂದ. ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ನಮ್ಮ ಪೀಳಿಗೆ ಮಾಡಬೇಕಾದ್ದು ಅದನ್ನೇ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ರಜೆಗೆ ಊರಿಗೆ ಹೋದಾಗ ನಮ್ಮಜ್ಜಿಯ ಮುಂದೆ ಈ ಕಥೆ ಹೇಳಿದೆ. ನಮ್ಮ ತಾತ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದವರು. ಬೆಳಗ್ಗೆ ಎದ್ದು ಬಾನಿಗೆ ಕಲಗಚ್ಚು ಸುರಿದು, ಹಿಂಡಿ ಬೂಸ ಕಲಸಿ ಎತ್ತುಗಳಿಗೆ ಇಟ್ಟ ಮೇಲೆಯೇ ಅವರಿಗೆ ತಂಗಳು. 1976ರಲ್ಲಿ ಜೀತ ನಿರ್ಮೂಲನೆಯ ಕಾನೂನು ಬಂದ ಮೇಲೂ ಕೆಲವು ವರ್ಷ ಆ ಮನೆಯ ಕೊಟ್ಟಿಗೆ ಅವರನ್ನು ಬಿಡಲಿಲ್ಲ. ಅಜ್ಜಿ ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿಸಿಕೊಂಡು ಅಂದಳು: ‘ಅದ್ಯಾಕಪ್ಪ ಬೈಗ್ಳ ಆದದು? ಬರ ಬಂದಾಗ ಅದೇ ಬೂಸವ ಜರಡಿ ಆಡಿ ಅಂಬ್ಲಿ ಕಾಯ್ಸಿವ್ನಿ. ನಿಮ್ಮಪ್ಪ ಕುಡ್ದು ಬೆಳ್ದಿರದು ಅದ್ನೇಯ.’ ನನಗೆ ಮಾತು ಹೊರಡಲಿಲ್ಲ. ಬೂಸಾ ಎಂದರೆ ಅವಮಾನ ಎಂದು ಬೀದಿಗಿಳಿದವರಿಗೆ ಅದು ದನದ ಮೇವು. ನಮ್ಮ ಮನೆಗೆ ಅದು ಒಂದು ಬರಗಾಲದ ಊಟ. ಒಂದು ಪದಕ್ಕೆ ಕೇರಿಯಲ್ಲೊಂದು ಅರ್ಥ, ಊರಿನಲ್ಲೊಂದು ಅರ್ಥ. ನಿಘಂಟಿಗೆ ಹೋದದ್ದು ಊರಿನದು.

ಈ ವರ್ಷ ಅದೇ ಪಾಠಕ್ಕೆ ಬಂದಾಗ ನಾನು ಟಿಪ್ಪಣಿ ಬರೆಸಲಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಬೂಸ ಅಂದರೆ ಅವರಿಗೆ ಏನು ನೆನಪಾಗುತ್ತದೆಂದು ಕೇಳಿ ಒಂದು ಪುಟ ಬರೆದು ತನ್ನಿ ಎಂದೆ. ಅರ್ಧದಷ್ಟು ಮಕ್ಕಳು ಬರೆದು ತಂದರು. ಗಿರಣಿಯ ಮುಂದೆ ಬೂಸ ಗುಡಿಸಿ ತರುತ್ತಿದ್ದ ಅಜ್ಜಿಯರು, ಕಡ ತಂದ ಬೂಸಕ್ಕೆ ಎರಡು ದಿನ ಕೂಲಿ ಹೋದ ಅವ್ವಂದಿರು ಆ ಹಾಳೆಗಳಲ್ಲಿದ್ದರು. ಹತ್ತಾರು ಎಕರೆ ಗದ್ದೆಯ ಮನೆಯಿಂದ ಬರುವ ಹುಡುಗನೊಬ್ಬ ಮೂರೇ ಸಾಲು ಬರೆದಿದ್ದ: ಅವರ ಕೊಟ್ಟಿಗೆಯಲ್ಲಿ ಮೊದಲು ಇಪ್ಪತ್ತು ದನವಿದ್ದವಂತೆ, ಒಂದೊಂದರ ಹೆಸರೂ ತಾತನಿಗೆ ಈಗಲೂ ನೆನಪಿದೆಯಂತೆ, ಬೂಸ ಕಲಸಿ ಇಡುತ್ತಿದ್ದವರ ಹೆಸರು ಕೇಳಿದರೆ ನೆನಪಿಲ್ಲ ಅಂದರಂತೆ.

ಆ ಹಾಳೆಯನ್ನು ಅವನ ಕೈಯಲ್ಲೇ ತರಗತಿಯಲ್ಲಿ ಓದಿಸಿದೆ. ಆವತ್ತು ಯಾರೂ ನಗಲಿಲ್ಲ.