ಗಣಕಯಂತ್ರಗಳ ನಡುವೆ ಚಿತ್ರಗಳ ವಿನಿಮಯ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ ಅಮೃತಾಪುರವೆಂಬ ಚಿಕ್ಕ ಗ್ರಾಮವಿದೆ. ತೆಂಗು ಅಡಿಕೆಗಳ ತೋಟಗಳ ಸೀಮೆಯಲ್ಲಿರುವ ಈ ಊರಿಗೆ ಕೀರ್ತಿ ತಂದಿರುವುದು ಅಲ್ಲಿಯ ಅಮೃತೇಶ್ವರ ದೇವಾಲಯ. ಹೊಯ್ಸಳ ಚಕ್ರವರ್ತಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. 1196ರಲ್ಲಿ ಇದನ್ನು ಕಟ್ಟಿಸಿದನು. ಮುಂದೆ ಹೆಸರಾಂತ ಶಿಲ್ಪಿಯಾದ ಮಲ್ಲಿತಮ್ಮನ ಆರಂಭದ ಕೆಲಸವನ್ನು ಇಲ್ಲಿ ಕಾಣಬಹುದು. ದೇವಾಲಯದ ಬಳಿ ನಿಂತಿರುವ ಹಿರಿದಾದ ಶಿಲಾಶಾಸನದಲ್ಲಿ ಕವಿಚಕ್ರವರ್ತಿ ಜನ್ನನು ರಚಿಸಿದ ಪದ್ಯಗಳಿವೆ. ಹೀಗೆ ಶಿಲ್ಪ, ಇತಿಹಾಸ, ಕಾವ್ಯ ಮೂರೂ ಒಂದೆಡೆ ಕೂಡಿರುವ ಸ್ಥಳಗಳು ವಿರಳ.

ಕಲ್ಲು ಗಟ್ಟಿಯಾದುದಾದರೂ ಶಾಶ್ವತವಲ್ಲ. ಮಳೆ, ಬಿಸಿಲು, ಪಾಚಿ, ಮನುಷ್ಯರ ಅಲಕ್ಷ್ಯ ಇವೆಲ್ಲವೂ ಅಕ್ಷರಗಳನ್ನು ಮೆಲ್ಲಮೆಲ್ಲನೆ ಸವೆಯಿಸುತ್ತವೆ. ಆದುದರಿಂದಲೇ ವಿದ್ವಾಂಸರು ಶಾಸನಗಳ ಪ್ರತಿಗಳನ್ನು ಮಾಡಿಡಲು ಶ್ರಮಿಸಿದರು. ಒದ್ದೆಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಅದರ ಮೇಲೆ ಮಸಿಯನ್ನು ಒತ್ತಿದರೆ, ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು ಇಂಥ ಶಾಸನಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಕಡೂರು ಜಿಲ್ಲೆಯ ಶಾಸನಗಳ ಆರನೆಯ ಸಂಪುಟ 1901ರಲ್ಲಿ ಹೊರಬಂದಿತು. ಆ ಗ್ರಂಥಗಳಲ್ಲಿ ಶಾಸನಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಲಾಗಿದೆ. ಒಂದೇ ವಿಷಯವು ಬೇರೆಬೇರೆ ಓದುಗರಿಗೆ ತಲಪಬೇಕಾದರೆ ಅವರವರು ಬಲ್ಲ ರೂಪದಲ್ಲಿ ಅದನ್ನು ಒದಗಿಸಬೇಕೆಂಬುದನ್ನು ರೈಸ್ ಅವರು ಅರಿತಿದ್ದರು.

ಇಂದು ಪಡಿಯಚ್ಚಿನ ಜೊತೆಗೆ ಛಾಯಾಚಿತ್ರವೂ ಬಂದಿದೆ. ದೇವಾಲಯವನ್ನು ನೋಡಲು ಬಂದ ವಿದ್ಯಾರ್ಥಿಯೂ ತನ್ನ ಮೊಬೈಲಿನಿಂದ ಶಾಸನದ ಚಿತ್ರವನ್ನು ತೆಗೆಯಬಲ್ಲನು. ಆದರೆ ಚಿತ್ರವನ್ನು ತೆಗೆದವನ ಬಳಿ ಒಂದು ಬಗೆಯ ಯಂತ್ರ, ಅದನ್ನು ಓದಿ ಹೇಳಬಲ್ಲ ವಿದ್ವಾಂಸರ ಬಳಿ ಇನ್ನೊಂದು ಬಗೆಯದು, ಗ್ರಂಥಾಲಯದಲ್ಲಿ ಮತ್ತೊಂದು ಬಗೆಯದು ಇರುವುದು ಸಾಮಾನ್ಯ. ಒಂದು ಯಂತ್ರದಲ್ಲಿ ಸ್ಪಷ್ಟವಾಗಿದ್ದ ಚಿತ್ರವು ಇನ್ನೊಂದರಲ್ಲಿ ತೆರೆಯದೆಯೇ ಹೋಗಬಹುದು. ತೆರೆದರೂ ಅಕ್ಷರಗಳು ಮಸಕಾಗಿ ಕಾಣಬಹುದು. ಇದರ ಕಾರಣಗಳನ್ನು ತಿಳಿದರೆ ಪರಿಹಾರವೂ ತಿಳಿಯುತ್ತದೆ.

ಗಣಕಯಂತ್ರದ ಎಲ್ಲ ಭಾಗಗಳಿಂದ ಕೆಲಸ ಮಾಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಯೂನಿಕ್ಸ್ ಎಂಬ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಆಪಲ್ ಸಂಸ್ಥೆಯ ಮೆಕಿಂಟಾಷ್ 1984ರಲ್ಲಿಯೂ, ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 1985ರಲ್ಲಿಯೂ ಬಂದವು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಆರಂಭಿಸಿದನು. ಮೊಬೈಲುಗಳಲ್ಲಿರುವ ಆಂಡ್ರಾಯ್ಡ್ ಇದರ ತಳಹದಿಯ ಮೇಲೆಯೇ ನಿಂತಿದೆ. ಇವನ್ನು ರೂಪಿಸಿದವರು ಬೇರೆಬೇರೆ ಜನರು. ಮಾಹಿತಿಯನ್ನು ಬರೆದಿಡುವ, ಹೆಸರಿಡುವ, ಸಾಗಿಸುವ ಪದ್ಧತಿಗಳು ಅವುಗಳಲ್ಲಿ ಭಿನ್ನವಾದುದು ಸಹಜವೇ ಆಗಿದೆ.

ಯಂತ್ರದೊಳಗೆ ಚಿತ್ರವು ಚಿತ್ರವಾಗಿರುವುದಿಲ್ಲ, ಅಂಕೆಗಳ ಸಾಲಾಗಿರುತ್ತದೆ. ಚಿತ್ರವನ್ನು ಅತಿ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟಿವೆಯೆಂಬುದನ್ನು ಸೊನ್ನೆಯಿಂದ 255ರವರೆಗಿನ ಅಂಕೆಗಳಲ್ಲಿ ಬರೆಯಲಾಗುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದೂ, ಅಂಥ ಒಂದು ಅಂಕೆ ಹಿಡಿಸುವ ಸ್ಥಳಕ್ಕೆ ಬೈಟ್ ಎಂದೂ ಹೆಸರು. ಶಾಸನದ ಚಿತ್ರವೊಂದು 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರವಿದ್ದರೆ ಅದರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿಯೊಂದಕ್ಕೆ ಮೂರು ಬೈಟುಗಳಂತೆ ಮೂರು ಕೋಟಿ ಅರವತ್ತು ಲಕ್ಷ ಬೈಟುಗಳು ಬೇಕು. ಇಷ್ಟು ಅಂಕೆಗಳನ್ನು ಯಾವ ಕ್ರಮದಲ್ಲಿ ಬರೆಯಲಾಗಿದೆಯೆಂಬುದು ಗೊತ್ತಿಲ್ಲದ ಯಂತ್ರಕ್ಕೆ ಅವು ಅರ್ಥಹೀನ.

ಈ ಕ್ರಮದ ಮಹತ್ವವನ್ನು ಅಮೃತಾಪುರದ ಶಿಲ್ಪಗಳೇ ತೋರಿಸಿಕೊಡುತ್ತವೆ. ಅಲ್ಲಿಯ ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಶಿಲ್ಪಫಲಕಗಳಿವೆ. ಉತ್ತರದ ಕಡೆ 25 ಫಲಕಗಳಲ್ಲಿ ಕೃಷ್ಣನ ಚರಿತ್ರೆಯೂ 45 ಫಲಕಗಳಲ್ಲಿ ಮಹಾಭಾರತವೂ ವಾಡಿಕೆಯಂತೆ ಪ್ರದಕ್ಷಿಣಕ್ರಮದಲ್ಲಿ ಸಾಗುತ್ತವೆ. ಆದರೆ ದಕ್ಷಿಣದ ಕಡೆ 70 ಫಲಕಗಳಲ್ಲಿರುವ ರಾಮಾಯಣದ ಕಥೆಯು ಅಪ್ರದಕ್ಷಿಣವಾಗಿ ನಡೆಯುತ್ತದೆ. ಇದನ್ನರಿಯದೆ ವಾಡಿಕೆಯಂತೆ ಸುತ್ತುವವನಿಗೆ ಕಥೆಯು ಹಿಂದುಮುಂದಾಗಿ ತೋರುತ್ತದೆ. ಫಲಕಗಳಲ್ಲಿ ದೋಷವಿಲ್ಲ, ಓದುವ ದಿಕ್ಕು ತಪ್ಪಿದೆ.

ಗಣಕಯಂತ್ರಗಳಲ್ಲಿಯೂ ಇದೇ ತೊಡಕು ಒದಗಿತು. ಒಂದು ಬೈಟಿಗೆ ಹಿಡಿಸದ ದೊಡ್ಡ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಬರೆಯಬೇಕು. ಉದಾಹರಣೆಗೆ, 300 ಎಂದರೆ ಒಂದು 256 ಮತ್ತು 44. ಮೊದಲ ಮೆಕಿಂಟಾಷ್‌ಗಳಲ್ಲಿದ್ದ ಮೋಟರೋಲಾ ಸಂಸ್ಕಾರಕವು ಇದನ್ನು ‘1, 44’ ಎಂದು ಬರೆಯುತ್ತಿತ್ತು. ಇಂಟೆಲ್ ಸಂಸ್ಕಾರಕವು ‘44, 1’ ಎಂದು ಬರೆಯುತ್ತಿತ್ತು. ಒಂದರ ಬರಹವನ್ನು ಇನ್ನೊಂದು ತನ್ನ ರೀತಿಯಲ್ಲಿ ಓದಿದರೆ 300 ಹೋಗಿ 11,265 ಆಗುತ್ತದೆ! 1986ರಲ್ಲಿ ಆಲ್ಡಸ್ ಸಂಸ್ಥೆಯು ರೂಪಿಸಿದ ಟಿಫ್ ಎಂಬ ಚಿತ್ರಮಾದರಿ ಇದಕ್ಕೊಂದು ಸರಳ ಉಪಾಯವನ್ನು ಕಂಡುಕೊಂಡಿತು. ಕಡತದ ಆರಂಭದಲ್ಲಿಯೇ ‘ಐ ಐ’ ಎಂಬ ಅಕ್ಷರಗಳಿದ್ದರೆ ಇಂಟೆಲ್ ಕ್ರಮವೆಂದೂ, ‘ಎಂ ಎಂ’ ಎಂದಿದ್ದರೆ ಮೋಟರೋಲಾ ಕ್ರಮವೆಂದೂ ತಿಳಿಯಬೇಕು. ಓದುವ ದಿಕ್ಕನ್ನು ಮೊದಲೇ ಸೂಚಿಸಿದ ಮೇಲೆ ಗೊಂದಲಕ್ಕೆ ಎಡೆಯಿಲ್ಲ.

ಸಾಗಣೆಯಲ್ಲಿಯೂ ಚಿತ್ರಗಳು ಕೆಡುತ್ತಿದ್ದವು. ಬರಹದ ಒಂದು ಸಾಲು ಮುಗಿಯಿತೆಂಬುದನ್ನು ತಿಳಿಸಲು ಯೂನಿಕ್ಸ್ 10 ಎಂಬ ಅಂಕೆಯನ್ನು ಬಳಸುತ್ತದೆ. ಹಳೆಯ ಮೆಕಿಂಟಾಷ್ 13ನ್ನು ಬಳಸುತ್ತಿತ್ತು. ವಿಂಡೋಸ್ 13 ಮತ್ತು 10 ಎರಡನ್ನೂ ಬಳಸುತ್ತದೆ. ಕಡತವನ್ನು ಕಳುಹಿಸುವ ತಂತ್ರಾಂಶವು ಚಿತ್ರವನ್ನು ಬರಹವೆಂದು ಭ್ರಮಿಸಿದರೆ, ಅದರಲ್ಲಿ 10 ಬಂದ ಕಡೆಯಲ್ಲೆಲ್ಲ ಬದಲಾವಣೆ ಮಾಡಿ ಚಿತ್ರವನ್ನು ಹಾಳುಮಾಡುತ್ತಿತ್ತು. 1996ರಲ್ಲಿ ಸಿದ್ಧವಾದ ಪಿಎನ್‌ಜಿ ಮಾದರಿಯು ಇದನ್ನು ಪತ್ತೆಹಚ್ಚುವ ವ್ಯವಸ್ಥೆಯನ್ನು ತನ್ನಲ್ಲಿಯೇ ಇಟ್ಟುಕೊಂಡಿದೆ. ಅದರ ಪ್ರತಿಯೊಂದು ಕಡತವೂ 137, 80, 78, 71, 13, 10, 26, 10 ಎಂಬ ಎಂಟು ಅಂಕೆಗಳಿಂದ ಆರಂಭವಾಗುತ್ತದೆ. ಇವುಗಳಲ್ಲಿ 80, 78, 71 ಎಂಬುವು ‘ಪಿ, ಎನ್, ಜಿ’ ಎಂಬ ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವುಗಳ ಮುಂದಿನ 13, 10 ಮತ್ತು ಕೊನೆಯ 10 ಬೇಕೆಂದೇ ಇಟ್ಟ ಕಾವಲುಗಾರರು. ದಾರಿಯಲ್ಲಿ ಯಾವುದಾದರೂ ವ್ಯವಸ್ಥೆ ಸಾಲುಗುರುತುಗಳನ್ನು ಬದಲಿಸಿದ್ದರೆ ಮೊದಲು ಕೆಡುವುದು ಇವೇ. ಇವನ್ನು ನೋಡಿದೊಡನೆ ಕಡತವು ಕೆಟ್ಟಿದೆಯೆಂದು ತಿಳಿಯುತ್ತದೆ.

ಸ್ಥಳವನ್ನು ಉಳಿಸಲು ಚಿತ್ರವನ್ನು ಸಂಕ್ಷೇಪಿಸುವುದೂ ಅಗತ್ಯ. 1987ರಲ್ಲಿ ಬಂದ ಜಿಫ್ ಮಾದರಿಯಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳು ಮಾತ್ರ. 1992ರಲ್ಲಿ ಅಂಗೀಕೃತವಾದ ಜೆಪೆಗ್ ಮಾದರಿಯು ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಇದನ್ನು ಎಲ್ಲ ವ್ಯವಸ್ಥೆಗಳೂ ಓದಬಲ್ಲವಾದ್ದರಿಂದ ವಿನಿಮಯಕ್ಕೆ ಇದು ಬಹಳ ಅನುಕೂಲ. ಆದರೆ ಬಿಟ್ಟ ಸೂಕ್ಷ್ಮಗಳು ಮರಳಿ ಬಾರವು. ತಿದ್ದಿ ತಿದ್ದಿ ಮತ್ತೆ ಉಳಿಸಿದಂತೆಲ್ಲ ನಷ್ಟವು ಹೆಚ್ಚುತ್ತದೆ. ದೇವಾಲಯದ ಗೋಪುರದ ಚಿತ್ರಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಸವೆದ ಶಾಸನದ ಚಿತ್ರಕ್ಕಾದರೋ ಹಾನಿಯುಂಟು. ಒಂದು ದೀರ್ಘದ ಗೆರೆ, ಒಂದು ಒತ್ತಕ್ಷರದ ಕೊಂಡಿ ಅಳಿಸಿದರೆ ಪದ್ಯದ ಅರ್ಥವೇ ಬದಲಾಗಬಹುದು. ಆದುದರಿಂದ ಇಂಥ ಚಿತ್ರಗಳ ಮೂಲಪ್ರತಿಯನ್ನು ನಷ್ಟವಿಲ್ಲದೆ ಸಂಕ್ಷೇಪಿಸುವ ಪಿಎನ್‌ಜಿ ಅಥವಾ ಟಿಫ್ ಮಾದರಿಯಲ್ಲಿ ಇಡುವುದು ಯೋಗ್ಯ.

ಹೊಸ ಮಾದರಿಗಳು ಬಂದಂತೆ ಹಳೆಯ ಸಮಸ್ಯೆಯೂ ಹೊಸ ವೇಷದಲ್ಲಿ ಬರುತ್ತದೆ. ಆಪಲ್ ಸಂಸ್ಥೆಯ ಐಫೋನುಗಳು 2017ರಿಂದ ಹೈಕ್ ಎಂಬ ಮಾದರಿಯಲ್ಲಿ ಚಿತ್ರಗಳನ್ನು ಉಳಿಸತೊಡಗಿದವು. ಇದು ಕಡಮೆ ಸ್ಥಳದಲ್ಲಿ ಉತ್ತಮ ಚಿತ್ರವನ್ನು ಹಿಡಿಸುತ್ತದೆಯಾದರೂ, ಅದನ್ನು ಓದುವ ತಂತ್ರಾಂಶವಿಲ್ಲದ ಗಣಕಯಂತ್ರದಲ್ಲಿ ತೆರೆಯುವುದಿಲ್ಲ. ಕಳುಹಿಸುವ ಮೊದಲು ಅದನ್ನು ಜೆಪೆಗ್‌ಗೆ ಪರಿವರ್ತಿಸಬೇಕಾಗುತ್ತದೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು ಕಡತಗಳ ಹೆಸರಿನ ವಿಷಯ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯು ಕನ್ನಡ ಲಿಪಿಗೂ ಸ್ಥಾನ ಕೊಟ್ಟಿತು. ಹೀಗಾಗಿ ಚಿತ್ರಕ್ಕೆ ‘ಅಮೃತೇಶ್ವರ’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ಇದರಲ್ಲಿರುವ ‘ತೇ’ ಎಂಬ ಅಕ್ಷರದ ಸ್ವರವನ್ನು ಯೂನಿಕೋಡಿನಲ್ಲಿ ಎರಡು ರೀತಿಯಾಗಿ ಬರೆಯಬಹುದು. ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯುವುದು ಒಂದು ರೀತಿ. ಎಕಾರದ ಚಿಹ್ನೆಯನ್ನೂ ಅದರ ಮುಂದೆ ದೀರ್ಘದ ಗುರುತನ್ನೂ ಬೇರೆಬೇರೆ ಸಂಕೇತಗಳಾಗಿ ಬರೆಯುವುದು ಇನ್ನೊಂದು. ಮೊದಲನೆಯದರಲ್ಲಿ ಇಡೀ ಹೆಸರಿಗೆ ಒಂಬತ್ತು ಸಂಕೇತಗಳು, ಎರಡನೆಯದರಲ್ಲಿ ಹತ್ತು. ಕಣ್ಣಿಗೆ ಎರಡೂ ಒಂದೇ. ಆಪಲ್ ಸಂಸ್ಥೆ 1998ರಲ್ಲಿ ತಂದ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟಂತೆಯೇ ಇಡುತ್ತವೆ. ಅದರಿಂದ ಲಿನಕ್ಸ್ ಯಂತ್ರಕ್ಕೆ ಬಂದ ಚಿತ್ರವು ಕಣ್ಣೆದುರಿಗಿದ್ದರೂ, ಹೆಸರನ್ನು ಹುಡುಕಿದಾಗ ಸಿಗದೆ ಹೋಗುವ ಸಂದರ್ಭವುಂಟು. 2017ರ ಆಪಲ್ಲಿನ ಹೊಸ ವ್ಯವಸ್ಥೆ ಹೆಸರನ್ನು ಕೊಟ್ಟಂತೆಯೇ ಉಳಿಸುತ್ತದೆ.

ಹೆಸರಿನ ಉದ್ದಕ್ಕೂ ಮಿತಿಯಿದೆ. ಲಿನಕ್ಸಿನಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟುಗಳನ್ನು ಮೀರುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಅಲ್ಲಿ ಮೂರು ಬೈಟುಗಳು ಬೇಕಾಗುವುದರಿಂದ 85 ಸಂಕೇತಗಳಷ್ಟೇ ಹಿಡಿಸುತ್ತವೆ. ಇದಲ್ಲದೆ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಮುಂತಾದುವನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳನ್ನು ಅದು ಸಾಮಾನ್ಯವಾಗಿ ಒಂದೆಂದು ಎಣಿಸಿದರೆ, ಲಿನಕ್ಸ್ ಬೇರೆಬೇರೆಯೆಂದು ಎಣಿಸುತ್ತದೆ. ಚಿಕ್ಕದೂ ಸರಳವೂ ಆದ ಹೆಸರೇ ಎಲ್ಲೆಡೆ ಸಲ್ಲುತ್ತದೆ.

ಬಣ್ಣದ ವಿಷಯದಲ್ಲಿಯೂ ಭೇದವಿತ್ತು. ನಡುಛಾಯೆಗಳನ್ನು ಮೆಕಿಂಟಾಷ್ ತೆರೆಯು ವಿಂಡೋಸಿನ ತೆರೆಗಿಂತ ತಿಳಿಯಾಗಿ ತೋರಿಸುತ್ತಿದ್ದುದರಿಂದ, ಅಲ್ಲಿ ಸಿದ್ಧಪಡಿಸಿದ ಚಿತ್ರವು ಇಲ್ಲಿ ಕಪ್ಪಾಗಿ ಕಾಣುತ್ತಿತ್ತು. 2009ರಲ್ಲಿ ಆಪಲ್ ಸಂಸ್ಥೆಯು ಉಳಿದವರ ಅಳತೆಯನ್ನೇ ಅನುಸರಿಸಿದ ಮೇಲೆ ಈ ಅಂತರ ಕಡಮೆಯಾಯಿತು.

ಇನ್ನು ಸಾಗಣೆಯ ಮಾರ್ಗಗಳು. ಪೆನ್‌ಡ್ರೈವಿನಲ್ಲಿ ಕೊಂಡೊಯ್ಯುವುದಾದರೆ ಅದರ ಕಡತವ್ಯವಸ್ಥೆಯು ಎರಡೂ ಯಂತ್ರಗಳಿಗೆ ತಿಳಿದಿರಬೇಕು. ಫ್ಯಾಟ್-32 ಎಂಬುದನ್ನು ಎಲ್ಲವೂ ಬಲ್ಲವು. ಆದರೆ ಅದರಲ್ಲಿ ನಾಲ್ಕು ಗಿಗಾಬೈಟಿನಷ್ಟು ದೊಡ್ಡ ಕಡತ ಹಿಡಿಸದು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಈ ತಡೆಯಿಲ್ಲ. ಜಾಲದ ಮೂಲಕ ಹಂಚಿಕೊಳ್ಳುವ ಮಾರ್ಗವನ್ನು ತೆರೆದವನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್. ಕ್ಯಾನ್ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಅವನು ಯಂತ್ರಗಳು ತಮ್ಮತಮ್ಮಲ್ಲಿ ನಡೆಸುವ ಸಂಭಾಷಣೆಯನ್ನು ಗಮನವಿಟ್ಟು ಪರಿಶೀಲಿಸಿ, ಅವುಗಳ ಭಾಷೆಯನ್ನು ಕಲಿತು, 1992ರಲ್ಲಿ ಒಂದು ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ನೀಡಿದನು. ಇದೇ ಮುಂದೆ ಸಾಂಬಾ ಎಂದು ಪ್ರಸಿದ್ಧವಾಯಿತು. ಇದರಿಂದ ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿರುವ ಕಡತಗಳನ್ನು ವಿಂಡೋಸ್ ಯಂತ್ರಗಳು ತಮ್ಮವೆಂಬಂತೆಯೇ ತೆರೆಯಬಲ್ಲವು. ಮೊಬೈಲಿನ ಸಂದೇಶಗಳಲ್ಲಿ ಕಳುಹಿಸುವಾಗ ಮಾತ್ರ ಎಚ್ಚರಿಕೆ ಅಗತ್ಯ. ಅಲ್ಲಿ ಚಿತ್ರವೆಂದು ಕಳುಹಿಸಿದರೆ ಅದು ಸಾಮಾನ್ಯವಾಗಿ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ.

ಇಷ್ಟೆಲ್ಲ ಬಗೆಯ ಯಂತ್ರಗಳ ನಡುವೆ ಇಂದು ಚಿತ್ರಗಳ ವಿನಿಮಯ ಸುಲಭವಾಗಿರುವುದಕ್ಕೆ ಮುಖ್ಯ ಕಾರಣವೊಂದಿದೆ. ಪಿಎನ್‌ಜಿ, ಜೆಪೆಗ್ ಮೊದಲಾದ ಮಾದರಿಗಳ ರಚನೆಯನ್ನು ಗುಟ್ಟಾಗಿಡದೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಲಾಗಿದೆ. ಒಬ್ಬನಿಗೇ ತಿಳಿದ ಭಾಷೆಯಲ್ಲಿ ಬರೆದುದು ಅವನೊಡನೆಯೇ ಮರೆಯಾಗುತ್ತದೆ; ಎಲ್ಲರೂ ಒಪ್ಪಿದ ಲಿಪಿಯಲ್ಲಿ ಬರೆದುದು ಬಹುಕಾಲ ಬಾಳುತ್ತದೆ. ಜನ್ನನ ಪದ್ಯಗಳು ಎಂಟು ಶತಮಾನಗಳ ಬಳಿಕವೂ ಓದಲು ದೊರೆಯುತ್ತಿರುವುದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ಆ ಲಿಪಿಯನ್ನು ಬಲ್ಲವರು ತಲೆತಲೆಮಾರಿಗೂ ಇದ್ದುದರಿಂದ, ಅದರ ಪ್ರತಿಗಳನ್ನು ಮಾಡಿ ನಾಲ್ಕಾರು ಕಡೆ ಹಂಚಿದವರಿದ್ದುದರಿಂದ. ಇಂದು ತೆಗೆದ ಚಿತ್ರವು ಮುಂದಿನವರಿಗೂ ದೊರೆಯಬೇಕಾದರೆ ಮೂಲಪ್ರತಿಯನ್ನು ಕಾಪಾಡಬೇಕು, ಎಲ್ಲ ಯಂತ್ರಗಳೂ ಬಲ್ಲ ಮಾದರಿಯನ್ನು ಆರಿಸಬೇಕು, ಪ್ರತಿಗಳನ್ನು ಹಲವೆಡೆ ಇಡಬೇಕು. ತಮ್ಮ ಊರಿನ ಶಾಸನ, ವೀರಗಲ್ಲುಗಳ ಚಿತ್ರಗಳನ್ನು ಹೀಗೆ ಜೋಪಾನ ಮಾಡುವ ವಿದ್ಯಾರ್ಥಿಗಳು ನಾಡಿನ ಇತಿಹಾಸಕ್ಕೆ ನಿಜವಾದ ಸೇವೆಯನ್ನು ಸಲ್ಲಿಸಿದಂತಾಗುತ್ತದೆ.