ಪ್ರಾಧ್ಯಾಪಕರ ಹರಟೆಗೆ ಹೊಸೂರಿನ ನಗು

ಮೇಷ್ಟರೊಬ್ಬರು ಟಿ.ವಿ.ಯಲ್ಲಿ ಮಾತಾಡಲು ಹೋಗಿ ಪೇಚಿಗೆ ಸಿಕ್ಕಿಕೊಳ್ಳುವುದು ಹಾಸ್ಯ ಧಾರಾವಾಹಿಗಳಿಗೆ ಹಳೆಯ ವಸ್ತು. ಕ್ಯಾಮೆರಾದೆದುರು ಪಂಡಿತರು ಬೆವರುತ್ತಾರೆ, ಮನೆಯಲ್ಲಿ ಕುಳಿತವರು ನಗುತ್ತಾರೆ. ಕನ್ನಡದಲ್ಲಿ ಈ ಕಥೆ ತಿರುಗುಮುರುಗಾಯಿತು. ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಕೃಷ್ಣೇಗೌಡರು ಉದಯ ಟಿ.ವಿ.ಯ 'ಹರಟೆ'ಗೆ ಬಂದಾಗ ಜನ ಅವರನ್ನು ಕಂಡು ನಗಲಿಲ್ಲ. ಅವರ ಮಾತು ಕೇಳಿ ನಕ್ಕರು. ಹಿರೇಮಗಳೂರು ಕಣ್ಣನ್ ಸೂತ್ರಧಾರರಾಗಿದ್ದ ಆ ಕಾರ್ಯಕ್ರಮಕ್ಕೆ ವೇಷವೂ ಬೇಡ, ಕುಣಿತವೂ ಬೇಡ. ಒಂದು ವಿಷಯ, ಎರಡು ಪಕ್ಷ, ಬಾಯಿತುಂಬ ಕನ್ನಡ, ಅಷ್ಟೇ ಬಂಡವಾಳ.

ಈ ನಗು ಗಡಿಯನ್ನೂ ದಾಟಿತು. ಹೊಸೂರು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆ, ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಜಿಲ್ಲೆ ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಬದಲಾದರೂ ತಳಿ, ಬಾಗಲೂರು, ಕೆಲಮಂಗಲದ ಕಡೆಯ ಎಷ್ಟೋ ಮನೆಗಳ ಮಾತು ಬದಲಾಗಲಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ, 1994ರಲ್ಲಿ ಉದಯ ಟಿ.ವಿ. ಬಂದಾಗ ಆ ಮಾತಿಗೊಂದು ಆಸರೆ ದೊರೆಯಿತು. ಉದಯ ಟಿ.ವಿ. ಚೆನ್ನೈಯ ಸನ್ ಸಂಸ್ಥೆಯದೇ ಎಂಬುದನ್ನು ನೆನೆದರೆ, ತಮಿಳುನಾಡಿನ ಕನ್ನಡಿಗರಿಗೆ ಕನ್ನಡದ ನಗೆಯೂ ತಮಿಳುನಾಡಿನ ಬಾಗಿಲಿನಿಂದಲೇ ಬಂದಿತೆನ್ನಬೇಕು.

ನಾವು ಹೊಸೂರಿಗೆ ಹೋಗಿದ್ದಾಗ ಪರಿಚಿತರೊಬ್ಬರ ಮನೆಯಲ್ಲಿ 'ಹರಟೆ'ಯ ಹಳೆಯ ಕಂತೊಂದನ್ನು ಮೊಬೈಲಿನಲ್ಲಿ ಹಚ್ಚಿದರು. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮಿಳು ಶಾಲೆಗೆ ಹೋಗುವ ಮೊಮ್ಮಗನೂ ನಕ್ಕ, ಆದರೆ ಸ್ವಲ್ಪ ತಡವಾಗಿ. ಅವನು ಅಜ್ಜಿಯ ಮುಖ ನೋಡಿ ನಗುತ್ತಿದ್ದ!

"ಏನಜ್ಜೀ ಅದು?" ಎಂದು ಕೇಳಿಯೂ ಕೇಳಿದ.

"ಬಿಡಿಸಿ ಹೇಳಿದ್ರೆ ನಗು ಬರಲ್ಲ ಕಣೋ" ಎಂದರು ಅಜ್ಜಿ.

ಅಜ್ಜಿಯ ಮಾತು ಶಾಸ್ತ್ರಸಮ್ಮತವೇ. ಕನ್ನಡದಲ್ಲಿ 'ಹತ್ತು' ಎಂದರೆ ಸಂಖ್ಯೆಯೂ ಹೌದು, ಏರು ಎಂಬ ಅರ್ಥವೂ ಹೌದು. ಆ ಸಂಖ್ಯೆ ಹುಡುಗನಿಗೆ ಶಾಲೆಯಲ್ಲಿ 'ಪತ್ತು'. ನಮ್ಮ ಹಳಗನ್ನಡದಲ್ಲಿಯೂ ಅದು ಪತ್ತೇ. ಭಾಷೆಗಳು ಅಷ್ಟು ಹತ್ತಿರದ ಒಡಹುಟ್ಟುಗಳು. ಆದರೂ ಒಂದೇ ಪದ ಎರಡು ಕಡೆಗೆ ಕಣ್ಣು ಮಿಟುಕಿಸುವುದು ಆ ಭಾಷೆಯಲ್ಲಿ ಬೆಳೆದವನಿಗೆ ಮಾತ್ರ ತಕ್ಷಣ ಕಾಣುತ್ತದೆ. ವ್ಯವಹಾರದ ಮಾತನ್ನು ಯಾರೂ ಕಲಿತಾರು. ನಗೆಮಾತು ತಿಳಿಯಬೇಕಾದರೆ ಭಾಷೆ ಮನೆಯೊಳಗಿನದಾಗಬೇಕು.

ಕಿವಿಯ ಕಥೆ ಇದಾದರೆ ಕಣ್ಣಿನದು ಇನ್ನೂ ಕಷ್ಟ. ಚಂದನ ವಾಹಿನಿಯಲ್ಲಿ 2002ರಲ್ಲಿ ತೊಡಗಿದ 'ಥಟ್ ಅಂತ ಹೇಳಿ' ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ಕಂಡಿದೆ. ಅದನ್ನು ನಡೆಸಿಕೊಟ್ಟ ಡಾ. ನಾ. ಸೋಮೇಶ್ವರರು ವೃತ್ತಿಯಿಂದ ವೈದ್ಯರು. ಅಲ್ಲಿ ಸರಿಯುತ್ತರಕ್ಕೆ ಬಹುಮಾನ ಹಣವಲ್ಲ, ಕನ್ನಡ ಪುಸ್ತಕ. ಹೊಸೂರಿನ ಆ ಹುಡುಗ ಉತ್ತರ ಹೇಳಿಯಾನು, ಜಾಣ. ಗೆದ್ದ ಪುಸ್ತಕವನ್ನು ಓದುವವರು ಯಾರು?

ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಕೇರಳದಲ್ಲಿ 2017ರಲ್ಲಿ ಮಲಯಾಳಕ್ಕೂ ಅಂಥದೇ ಕಾಯ್ದೆ ಬಂತು. ನೆಲದ ಭಾಷೆ ಕಲಿಯಲು ನಮ್ಮ ತಕರಾರಿಲ್ಲ. ಅದು ಅನ್ನದ ಭಾಷೆ. ಮನೆಯ ಭಾಷೆಗೆ ಶಾಲೆಯಲ್ಲೊಂದು ಬೆಂಚು ಉಳಿಯಬೇಕೆಂಬುದಷ್ಟೇ ನಮ್ಮ ಬೇಡಿಕೆ. ಆ ಬೇಡಿಕೆಯನ್ನು ಬಿಡಬೇಕಾಗಿಲ್ಲ. ಆದರೆ ಅದು ಈಡೇರುವವರೆಗೆ ಮಕ್ಕಳು ಬೆಳೆಯದೆ ಕಾಯುವುದಿಲ್ಲ.

ಟಿ.ವಿ.ಯ ಪ್ರಾಧ್ಯಾಪಕರು ಮಾತು ಕೇಳಿಸಿಯಾರು, ಕೈಹಿಡಿದು ಅಕ್ಷರ ತಿದ್ದಿಸಲಾರರು. ನಾವು ಹೊರಡುವಾಗ ಅಜ್ಜಿ ಹಳೆಯ ಕನ್ನಡ ಪಂಚಾಂಗವೊಂದನ್ನು ಹೊರತೆಗೆದು, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾರಗಳ ಹೆಸರು ಓದಿಸುತ್ತಿದ್ದರು. ಆದಿತ್ಯವಾರದಲ್ಲಿ ಎಡವಿದ, ಸೋಮವಾರ ಸರಿಯಾಯಿತು.

ನಮ್ಮ ಕಾಸರಗೋಡಿನ ಮನೆಗಳಲ್ಲಿ ಪಂಚಾಂಗವಿದೆ, ಈ ಪತ್ರಿಕೆಯಿದೆ. ಕೂರಿಸಿಕೊಳ್ಳುವ ಅಜ್ಜಿಯಂದಿರೂ ಇದ್ದಾರೆ.